ಮೂಲೆಯ ನಾಲ್ಕು ಗಿಡ

ಹಿತ್ತಲ ಮೂಲೆಯಲ್ಲಿ ಬೆಳ್ಳಗೆ ಹೂ ಬಿಟ್ಟಿದ್ದ ನಾಲ್ಕು ಕಾಂಗ್ರೆಸ್ ಗಿಡಗಳಿಗೆ ಮಾರೆವ್ವ ಕೈ ಹಾಕಿದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುರೇಖಾ, "ಅವಷ್ಟು ಇರ್ಲಿ ಬಿಡು. ಹೊತ್ತಾತು, ನಾಳಿ ನಾನ ಕಿತ್ತ ಒಗಿತೀನಿ" ಎಂದಳು.

ಮಾರೆವ್ವ ಸೊಂಟ ಹಿಡಿದುಕೊಂಡು ಎದ್ದು ನಿಂತಳು. ಅರವತ್ತರ ಹತ್ತಿರದ ಕೂಲಿ ಹೆಂಗಸು. ಕಂಡವರ ಹೊಲ, ಹಿತ್ತಲುಗಳ ಕಸ ಕೀಳುವುದರಲ್ಲೇ ಜೀವ ಸವೆಸಿದವಳು. "ಬೀಜ ಉದುರಿದ್ರ ಮುಗೀತ್ರಿ ಅಕ್ಕಾರ. ಒಂದ ಮಳಿ ಸಾಕು, ಹಿತ್ತಲ ತುಂಬ ಏಳತಾವ" ಎಂದು ಹೇಳಿ, ಕುರ್ಪಿ ತೊಳೆದುಕೊಂಡು ಹೋದಳು. ಮರುದಿನ ಸುರೇಖಾ ಅವನ್ನು ಕೀಳಲಿಲ್ಲ. ಆಮೇಲೂ ಕೀಳಲಿಲ್ಲ.

ಸುರೇಖಾ ಯಲಬುರ್ಗಾಕ್ಕೆ ಬಂದು ಎರಡು ವರ್ಷವಾಗಿತ್ತು. ಗಂಡ ಸರ್ಕಾರಿ ನೌಕರಿಯಲ್ಲಿರುವಾಗಲೇ ತೀರಿಕೊಂಡಿದ್ದ. ಅನುಕಂಪದ ಆಧಾರದ ಮೇಲೆ ಇವಳಿಗೆ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಅದನ್ನು ಮೈದುನನಿಗೆ ಬಿಟ್ಟುಕೊಡು ಎಂದು ಹಟ ಹಿಡಿದಿದ್ದ ಅಳವಂಡಿಯ ಗಂಡನ ಮನೆಯವರು ಅಂದಿನಿಂದ ಇವಳ ಹೊಸ್ತಿಲು ತುಳಿದಿರಲಿಲ್ಲ. ಮಕ್ಕಳಿರಲಿಲ್ಲ. ಕಚೇರಿಯ ದಿನಗಳು ಹೇಗೋ ಕಳೆಯುತ್ತಿದ್ದವು, ಭಾನುವಾರ ಮಾತ್ರ ಕಳೆಯುತ್ತಿರಲಿಲ್ಲ. ಹಾವು ಹುಳ ಸೇರುತ್ತವೆ, ಹಿತ್ತಲು ಸ್ವಚ್ಛ ಮಾಡಿಸಿ ಎಂದು ಮನೆಯ ಮಾಲೀಕ ಗೊಣಗಿದ್ದಕ್ಕೆ ಮಾರೆವ್ವನನ್ನು ಕರೆಸಿದ್ದಳು. ಬದನೆ, ಮೆಣಸಿನ ಗಿಡಗಳ ನಡುವೆ ಕುಕ್ಕರಗಾಲಿನಲ್ಲಿ ಸರಿಯುತ್ತ ಮಾರೆವ್ವ ಅಂದು ಬಿಡುವಿಲ್ಲದೆ ಮಾತಾಡಿದ್ದಳು. ಸೊಸೆ ಪಂಪಮ್ಮ ಮಾತಿನ ಭರದಲ್ಲಿ ರೊಟ್ಟಿ ಹೊತ್ತಿಸಿದ್ದು, ಎಮ್ಮೆ ಹಗ್ಗ ಹರಿದುಕೊಂಡು ನೇರ ಸಂತೆಗೇ ನುಗ್ಗಿದ್ದು. ನಡುವೆ ತಲೆಯೆತ್ತಿ, ನಿಮ್ಮ ಊಟ ಆಯಿತೇ ಎಂದು ಕೇಳಿದ್ದಳು. ಎಷ್ಟೋ ತಿಂಗಳಿಂದ ಹಾಗೆ ಕೇಳಿದವರೇ ಇರಲಿಲ್ಲ. ಆ ದಿನ ಸುರೇಖಾ ಒಂದು ರೊಟ್ಟಿ ಹೆಚ್ಚಿಗೆ ಉಂಡಿದ್ದಳು.

ಮಾರೆವ್ವ ಹೇಳಿದ ಹಾಗೇ ಆಯಿತು. ಎರಡು ಮಳೆ ಬಿದ್ದದ್ದೇ ತಡ, ತಿಂಗಳೊಪ್ಪತ್ತಿನಲ್ಲಿ ಕಾಂಗ್ರೆಸ್ ಕಸ ಮೊಣಕಾಲೆತ್ತರ ನಿಂತಿತು. ನಡುವೆ ಸಿಕ್ಕ ಬದನೆ ಗಿಡಗಳು ಸೊರಗಿ ಹೋದವು. ಸುರೇಖಾ ಹೇಳಿಕಳಿಸಿದಳು, ಮಾರೆವ್ವ ಬಂದು ಎರಡು ಭಾನುವಾರ ಕುಳಿತು ಕಿತ್ತಳು. ಗೋಡೆಯ ಬದಿಗೆ ಒಂದಿಷ್ಟು ಉಳಿಯುವಂತೆ ಸುರೇಖಾ ಈ ಸಲವೂ ನೋಡಿಕೊಂಡಳು. ಬಿಸಿಲೇರಿತು ಎಂದಳು, ಚಹಾ ಆರುತ್ತದೆ ಎಂದಳು.

ಮೂರನೆಯ ಸಲ, ಸೀಗೆ ಹುಣ್ಣಿಮೆಯ ಹಿಂದಿನ ಭಾನುವಾರ, ಮಾರೆವ್ವ ಕೈಗಳಿಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡು ಬಂದಳು. ಅಂದು ಅವಳ ಮಾತು ಕಡಿಮೆ, ಕೆಮ್ಮು ಹೆಚ್ಚು. ಚಹಾದ ಬಸಿ ಹಿಡಿಯಲೆಂದು ಚಿಂದಿ ಬಿಚ್ಚಿದಾಗ ಸುರೇಖಾ ನೋಡಿದಳು. ಬೆರಳ ಸಂದಿಯಿಂದ ಮೊಣಕೈತನಕ ಚರ್ಮ ಕಪ್ಪಾಗಿ, ದಪ್ಪಗಾಗಿ, ಅಲ್ಲಲ್ಲಿ ಸೀಳಿ ನೀರೊಸರುತ್ತಿತ್ತು.

"ಇದೇನಾತ ಮಾರೆವ್ವ?"

"ಈ ಕಸದ ನಂಜ್ರಿ. ಮುಟ್ಟಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಉಳದವರ ಮನಿ ಕೆಲಸ ಎಲ್ಲಾ ಬಿಟ್ಟೀನಿ."

"ಮತ್ತ ಇಲ್ಲಿಗ್ಯಾಕ ಬಂದಿ?"

ಮಾರೆವ್ವ ಬಸಿಯಲ್ಲಿನ ಚಹಾ ಊದಿ ಕುಡಿದಳು. "ನೀವು ಒಬ್ಬಾಕಿ ಅದೀರಿ. ಕರದಾಗ ಒಲ್ಲೆ ಅನ್ನಾಕ ಬಾಯಿ ಬರ್ಲಿಲ್ರಿ."

ಸುರೇಖಾ ಅವಳನ್ನು ಅಲ್ಲಿಂದಲೇ ಎಬ್ಬಿಸಿ ಮನೆಗೆ ಕಳಿಸಿದಳು. ಆ ವಾರವೆಲ್ಲ ಮುಂಜಾನೆ ಕಚೇರಿಗೆ ಹೋಗುವ ಮುಂಚೆ, ಸಂಜೆ ಬಂದ ಕೂಡಲೇ, ಮೂಗಿಗೆ ಸೆರಗು ಕಟ್ಟಿಕೊಂಡು ಹಿತ್ತಲಿಗಿಳಿದಳು. ನೆಲಕ್ಕೆ ನೀರು ಹೊಡೆದು, ಮೆತ್ತಗಾದ ಮೇಲೆ ಒಂದೊಂದೇ ಗಿಡವನ್ನು ಬೇರು ಸಹಿತ ಎಳೆದಳು. ಗೋಡೆಯ ಬದಿಯದನ್ನೂ ಬಿಡಲಿಲ್ಲ, ಮೂಲೆಯದನ್ನೂ ಬಿಡಲಿಲ್ಲ. ಒಣಗಿಸಿ ಸುಟ್ಟಳು. ತನ್ನ ಕೈಗೂ ತುರಿಕೆ ಹತ್ತಲಿ ಎಂದು ಒಳಗೊಳಗೇ ಬಯಸಿದಳು, ಹತ್ತಲಿಲ್ಲ.

ಮುಂದಿನ ಭಾನುವಾರ ಮುಂಜಾನೆ ಮುಲಾಮು ಕೊಂಡುಕೊಂಡು ಮಾರೆವ್ವನ ಮನೆ ಹುಡುಕಿಕೊಂಡು ಹೋದಳು. ಮಾರೆವ್ವ ಕೈಗೆ ಎಣ್ಣೆ ಸವರಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಪಂಪಮ್ಮ ಒಳಗಿಂದ ಇಣುಕಿ, ಅತ್ತೆ ಇನ್ನು ಕಸ ಕೀಳಲು ಬರುವುದಿಲ್ಲ ಎಂದಳು. ಸುರೇಖಾ ಅದಕ್ಕಲ್ಲ ಎಂದು ತಲೆಯಾಡಿಸಿ ಕಟ್ಟೆಯ ತುದಿಗೆ ಕುಳಿತಳು.

"ಮಾರೆವ್ವ, ಆ ಗಿಡ ನಾ ಬೇಕಂತನ ಬಿಟ್ಟಿದ್ದೆ. ಕಸ ಬೆಳದ್ರ ನೀ ಬರ್ತಿ ಅಂತ."

ಮಾರೆವ್ವ ಸುರೇಖಾಳ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ಹಂಗಂತ ಒಂದ ಮಾತು ಅಂದಿದ್ರ, ಕಸ ಇಲ್ಲದಾಗೂ ಬಂದ ಕುಂದರತಿದ್ನಲ್ರಿ, ಅಕ್ಕಾರ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುರೇಖಾಳಿಗೆ ಹಗುರಾಗುತ್ತಿತ್ತೋ ಏನೋ. ಈಗಲಾದರೂ ಬಾ ಎನ್ನುವ ಮಾತು ಗಂಟಲತನಕ ಬಂತು. ಎದುರಿಗೆ ಎಣ್ಣೆ ಹಚ್ಚಿದ ಆ ಕೈಗಳಿದ್ದವು. ಮುಲಾಮನ್ನು ಕಟ್ಟೆಯ ಮೇಲಿಟ್ಟು ಎದ್ದಳು.

ಮನೆಗೆ ಬಂದು ಹಿತ್ತಲ ಬಾಗಿಲು ತೆರೆದು ನಿಂತಳು. ಒಂದು ಹುಲ್ಲುಕಡ್ಡಿಯೂ ಇಲ್ಲದ ನೆಲ ಬಿಸಿಲಿಗೆ ಕಾಯುತ್ತ ಬಿದ್ದಿತ್ತು. ಭಾನುವಾರ, ಇನ್ನೂ ಹತ್ತು ಗಂಟೆಯೂ ಆಗಿರಲಿಲ್ಲ.