ನೀಲಿ ಗಾಡಿ

ತುಂಬು ಬಸುರಿ ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಅತ್ತೆ ಮಗುವಿನ ತಳ್ಳುಗಾಡಿಗಳ ಚಕ್ರ, ಬ್ರೇಕು ಎಲ್ಲವನ್ನೂ ಅಲ್ಲಾಡಿಸಿ ನೋಡಿದರು.

“ಇದು ಗಟ್ಟಿ ಅಮ್ಮಾ. ಹುಟ್ಟಿದಾಗಿನಿಂದ ಮೂರು ವರ್ಷ ಯೋಚ್ನೆ ಇಲ್ಲ,” ಎಂದಳು ಅಂಗಡಿಯವಳು.

“ನೀಲಿದು ಕೊಡು.”

ಅಂಗಡಿಯವಳಿಗೆ ಸೋಜಿಗವಾಯಿತು. ಹೆರಿಗೆಗೆ ಮುಂಚೆ ಒಂದು ಕುಲಾವಿಯನ್ನೂ ಕೊಳ್ಳದ ಊರು ಇದು. “ಬಣ್ಣ ಹೆರಿಗೆ ಆದ್ಮೇಲೆ ನೋಡಿದ್ರಾಗಲ್ವಾ?”

“ಗಂಡುಮಗೂಗೆ ನೀಲೀನೇ ಚೆಂದ,” ಎಂದು ಅತ್ತೆ ಕೌಂಟರಿನತ್ತ ನಡೆದರು.

ಅಂಗಡಿಯವಳು ಸೊಸೆಯ ಕಡೆ ಬಾಗಿ ಮೆಲ್ಲಗೆ ಕೇಳಿದಳು. “ಚೊಚ್ಚಲಾ ಅಕ್ಕಾ?”

ಸೊಸೆ ಗಾಡಿಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು.

“ಹೆರಿಗೆ ಇದೇ ಮೊದಲು. ಬಸುರು ಮೂರನೇದು. ಹಿಂದಿನವೆರಡೂ ಹೆಣ್ಣಾಗಿದ್ವು.”