ಪಿಕಪ್ಪಿನ ಒಳಲೈಟು

ವೈರ್ ಸುಟ್ಟ ವಾಸನೆ ಬಂದರೆ ಇವತ್ತಿಗೂ ನನಗೆ ಅಪ್ಪನ ಹಳೇ ಪಿಕಪ್ ನೆನಪಾಗುತ್ತದೆ. ಮನೆ ಭಾಗವಾದಾಗ ಅದನ್ನು ಅಪ್ಪನ ಪಾಲಿಗೆ ತಳ್ಳಿದವನು ದೊಡ್ಡಪ್ಪ. ಆಮೇಲೆ ಅಜ್ಜಂಪುರದ ಪೇಟೆಯಲ್ಲಿ ಎಲ್ಲರೆದುರು, "ಒಳಗಿನ ಲೈಟೂ ಹತ್ತಲ್ಲ, ಅದ್ರಲ್ಲಿ ನಾಯೀನೂ ಕೂರಲ್ಲ ಕಣೋ" ಎಂದು ನಕ್ಕಿದ್ದ.

ಒಂದು ಮಧ್ಯಾಹ್ನ ಅಪ್ಪ ಆ ಲೈಟು ರಿಪೇರಿಗೆ ಕೂತ. ಹಾಕಿದ ಫ್ಯೂಸೆಲ್ಲ ಸುಟ್ಟುಹೋಯಿತು. ಕೊನೆಗೆ ಬಾಗಿಲ ಸಂದಿಯಲ್ಲಿ ಸಿಪ್ಪೆ ಸುಲಿದು ತಗಡಿಗೆ ತಾಗುತ್ತಿದ್ದ ವೈರ್ ಅಪ್ಪನ ಕೈಗೆ ಸಿಕ್ಕಿತು. ಟೇಪ್ ಸುತ್ತಿದ ಮೇಲೆ ಲೈಟು ಹತ್ತಿತು.

ಅದೇ ಮುಸ್ಸಂಜೆ ಅಪ್ಪನೂ ನಾನೂ ಪಿಕಪ್ಪಿನಲ್ಲಿ ಬರುವಾಗ ತರೀಕೆರೆ ರಸ್ತೆಯಲ್ಲಿ ಬಸ್ಸು ತಪ್ಪಿದ ದೊಡ್ಡಪ್ಪ ಕೈ ಅಡ್ಡ ಹಾಕಿದ. ಅಪ್ಪ ಹತ್ತಿಸಿಕೊಂಡ. ಪೇಟೆ ಬಂದೊಡನೆ ಒಳಗಿನ ಲೈಟು ಹಾಕಿ ಗಾಡಿ ನಿಧಾನ ಮಾಡಿದ.

"ಲೇ, ಲೈಟ್ ಆರ್ಸೋ. ಜನ ನೋಡ್ತವ್ರೆ."

"ನೋಡ್ಲಿ ಬಿಡಣ್ಣ."

ದೊಡ್ಡಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನಡುವೆ ಕೂತಿದ್ದ ನಾನು ಅದನ್ನು ಮೆಲ್ಲಗೆ ಎಳೆದುಕೊಂಡು, ಮಡಿಸಿ ತೊಡೆಯ ಮೇಲಿಟ್ಟುಕೊಂಡೆ.