ಟಿಕ್ ಟಿಕ್ ಇಲ್ಲದ ತಿರುವು

ಅಂಗಡಿಯವನು ಮೂರನೆಯ ಫ್ಲಾಶರನ್ನು ಹಲಗೆಯ ಮೇಲಿನ ಬಲ್ಬುಗಳಿಗೆ ಜೋಡಿಸಿದ. ಬೆಂಕಿಪೊಟ್ಟಣದಷ್ಟು ಡಬ್ಬಿ, ಗಾಡಿ ತಿರುಗುವಾಗ ಟಿಕ್ ಟಿಕ್ ಎನ್ನುತ್ತ ಇಂಡಿಕೇಟರ್ ದೀಪ ಮಿನುಗಿಸುವುದು ಅದರ ಕೆಲಸ. ದೀಪದ ಮೇಲೆ ತಮ್ಮನ ಕಣ್ಣು. ಅಕ್ಕ ಸ್ಟೂಲಿನ ಮೇಲೆ ಕೂತು ಕಿವಿಗೊಟ್ಟಿದ್ದಳು.

"ಇದು ಬೇಡ. ಕೋಳಿ ಕಾಳು ಕುಕ್ಕಿದ ಹಾಗಿದೆ," ಎಂದಳು. "ನಮ್ಮ ವ್ಯಾನು ಇಷ್ಟು ಅವಸರ ಮಾಡಿದ್ರೆ ಒಂದು ಬಲ್ಬ್ ಹೋಗಿದೆ ಅಂತ ಅರ್ಥ."

ಫ್ಲಾಶರನ್ನು ಕಿವಿಯಿಂದ ಆರಿಸುವವರನ್ನು ಅಂಗಡಿಯವನು ಕಂಡಿರಲಿಲ್ಲ. ಕುತೂಹಲ ತಡೆಯದೆ ವಿಚಾರಿಸಿದ. ಹೊರಗೆ ನಿಂತಿದ್ದ ಆ ಓಬೀರಾಯನ ಕಾಲದ ಬ್ರೆಡ್ ವ್ಯಾನನ್ನು ಮೂವತ್ತು ವರ್ಷ ಓಡಿಸಿದವಳು ಅಕ್ಕನೇ. ಎರಡು ವರ್ಷದ ಹಿಂದೆ ಅವಳ ಕಣ್ಣು ಪೂರ್ತಿ ಹೋಯಿತು. ಸ್ಟಿಯರಿಂಗ್ ತಮ್ಮನ ಕೈಗೆ ಬಂತು, ಅಕ್ಕ ಪಕ್ಕದ ಸೀಟಿಗೆ ಸರಿದಳು. ಬಾಯಿ ಮಾತ್ರ ಸುಮ್ಮನಾಗಲಿಲ್ಲ. ಈಗ ಸಿಗ್ನಲ್ ಹಾಕು, ಸಾಕು ತೆಗಿ, ತಿರುಗಿ ಎಷ್ಟು ಹೊತ್ತಾಯ್ತು, ಅದಿನ್ನೂ ಬಡ್ಕೋತಾ ಇದೆ. ಪ್ರತಿ ತಿರುವಿನಲ್ಲೂ ಇದೇ ಪಾಠ ಕೇಳಿ ತಮ್ಮನ ತಲೆ ಚಿಟ್ಟು ಹಿಡಿದಿತ್ತು.

ನಾಲ್ಕನೆಯದು ಹೊಸ ಎಲೆಕ್ಟ್ರಾನಿಕ್ ಮಾದರಿ. ಬಾಳಿಕೆ ಜಾಸ್ತಿ, ಯಾವ ಬಲ್ಬಿಗೂ ಆಗುತ್ತದೆ ಎಂದು ಅಂಗಡಿಯವನು ಹೊಗಳಿದ. ಅಕ್ಕ ತಲೆ ವಾಲಿಸಿ ಕಾದಳು.

"ಜೋಡಿಸಿದ್ರಾ?"

"ಆಗ್ಲೇ ಮಿನುಗ್ತಾ ಇದೆಯಮ್ಮ."

ಇದೇ ಇರಲಿ ಎಂದು ತಮ್ಮ ತಟ್ಟನೆ ಹೇಳಿಬಿಟ್ಟ. ಎರಡನೆಯದು ಕೆಟ್ಟುಹೋದ ಹಳೆಯದರ ಹಾಗೇ ಇತ್ತಲ್ಲ ಎಂದು ಅಕ್ಕ ಗೊಣಗಿದಳು. ಅವನು ಕೇಳಿಸದವನಂತೆ ನಿಂತ. "ಸರಿ ಬಿಡು. ಓಡಿಸೋನು ನೀನು," ಎಂದು ಅವಳು ಎದ್ದಳು.

ವ್ಯಾನು ಹೊರಟಿತು. ಮೊದಲ ತಿರುವಿನಲ್ಲಿ ಅಕ್ಕ ತುಟಿ ಬಿಚ್ಚಲಿಲ್ಲ. ತಮ್ಮನಿಗೆ ಹಾಯೆನಿಸಿತು. ಎರಡನೆಯದರಲ್ಲೂ ಮಾತಿಲ್ಲ. ಮೂರನೆಯದರಲ್ಲಿ, ಗಾಡಿ ತಿರುಗುವುದು ಮೊದಲೇ ಗೊತ್ತಾಗದೆ ಅವಳ ಭುಜ ಬಾಗಿಲಿಗೆ ಬಡಿಯಿತು. ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ಎಲ್ಲಿದ್ದೀವೋ?"

ಮೂವತ್ತು ವರ್ಷ ಓಡಾಡಿದ ದಾರಿ. ಕಣ್ಣು ಹೋದ ಮೇಲೂ ಅವಳು ಒಮ್ಮೆಯೂ ಹೀಗೆ ಕೇಳಿದ್ದಿಲ್ಲ. ತಾನು ನಿಲ್ಲಿಸಿದ್ದು ಅವಳ ಬೈಗುಳವನ್ನಲ್ಲ, ಅವಳ ದಾರಿಯನ್ನೇ ಎಂದು ತಮ್ಮನಿಗೆ ಆಗ ಹೊಳೆಯಿತು. ಅಂಗಡಿಗೆ ವಾಪಸ್ ಹೋಗೋಣ ಎಂದಷ್ಟೇ ಹೇಳಿ ಬಲಗಡೆಯ ಇಂಡಿಕೇಟರ್ ಹಾಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ನಾಲಿಗೆಯನ್ನು ಅಂಗುಳಕ್ಕೆ ಹೊಡೆಯತೊಡಗಿದ. ಟಿಕ್, ಟಿಕ್, ಟಿಕ್.

ಅಕ್ಕ ಒಂದು ಕ್ಷಣ ಕಿವಿಗೊಟ್ಟಳು. ಡ್ಯಾಶ್‌ಬೋರ್ಡಿನಿಂದ ಕೈ ತೆಗೆದು ಸೀಟಿಗೆ ಒರಗಿದಳು.

"ಯಾಕೋ ಇಷ್ಟು ಅವಸರ? ಒಂದು ಬಲ್ಬ್ ಹೋಗಿರ್ಬೇಕು, ನೋಡು."